ದೊಡ್ಡಪ್ಪನ ಗ್ರಾಮಫೋನ್ ಪ್ಲೇಟ್‌ಗಳು: ಸೌಂಡ್ ನಿಜವಾಗಿ ಡಿಜಿಟಲ್‌ಗಿಂತ ಚೆನ್ನಾಗಿರುತ್ತಾ?

ಗುಬ್ಬಿಗೇಟ್ ಹುಡುಗ (ತುಮಕೂರು):

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮನೆ ಅಟ್ಟದ ಟ್ರಂಕಿನಲ್ಲಿದ್ದ ಗ್ರಾಮಫೋನ್ ಪ್ಲೇಟ್‌ಗಳು ಈಗ ನನ್ನ ಹತ್ತಿರ ಇವೆ. ಮೂರು ಥರದವು ಇವೆ. ದಪ್ಪಗೆ, ಭಾರವಾಗಿ, ಕೈ ಜಾರಿದರೆ ಒಡೆದೇ ಹೋಗುವಂಥ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟ್‌ಗಳು, ಸಿನಿಮಾ ಹಾಡುಗಳ ಚಿಕ್ಕ 45ಗಳು, ಮತ್ತೆ ಕರ್ನಾಟಕ ಸಂಗೀತದ ದೊಡ್ಡ ಎಲ್‌ಪಿಗಳು. 78ರಲ್ಲಿ ಜಾಸ್ತಿ ನಾಟಕದ ಹಾಡುಗಳು ಅಂತ ಕಾಣುತ್ತದೆ, ಲೇಬಲ್ ಅರ್ಧ ಅಳಿಸಿಹೋಗಿದೆ. ಜೊತೆಗೆ ಸೂಟ್‌ಕೇಸ್ ಥರ ಮುಚ್ಚುವ ಹಳೆ ಪ್ಲೇಯರ್ ಇದೆ. 33, 45, 78 ಮೂರಕ್ಕೂ ಸ್ವಿಚ್ ಇದೆ. ತಿರುಗುತ್ತದೆ, ಆದರೆ ಹಾಡು ಸ್ವಲ್ಪ ಅಲ್ಲಾಡಿದ ಹಾಗೆ ಕೇಳುತ್ತದೆ.

ನಾನು ಇಷ್ಟು ದಿನ ಹಾಡು ಕೇಳಿದ್ದೆಲ್ಲ ಮೊಬೈಲಿನಲ್ಲಿ, ಅದೂ ಯೂಟ್ಯೂಬ್ ಹಾಕಿ ಬ್ಲೂಟೂತ್ ಸ್ಪೀಕರಿನಲ್ಲಿ. ಒಂದು ಹಳೆ ಸಿನಿಮಾ ಹಾಡು ಎರಡೂ ಕಡೆ ಸಿಕ್ಕಿತು ಅಂತ ಹೋಲಿಸಿ ನೋಡಿದೆ. ಪ್ಲೇಟಿನಲ್ಲಿ ಚಟಪಟ ಸದ್ದು ಇದೆ, ನಿಜ. ಆದರೆ ಹಾಡಿದವರ ದನಿ ಹತ್ತಿರ ಬಂದ ಹಾಗೆ ಇತ್ತು. ಯೂಟ್ಯೂಬಿನಲ್ಲಿ ಅದೇ ದನಿ ಯಾಕೋ ತೆಳ್ಳಗೆ, ಹಿಂದೆಲ್ಲೋ ನಿಂತು ಹಾಡಿದ ಹಾಗೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೇಳುವುದು, ಡಿಜಿಟಲ್ ಅಂದರೆ ಸ್ವರವನ್ನು ಚೂರು ಚೂರು ಮಾಡಿ ಜೋಡಿಸಿದ್ದು, ಪ್ಲೇಟಿನಲ್ಲಿ ಇಡೀ ಅಲೆ ಹಾಗೇ ಇರುತ್ತದೆ, ಕಿವಿ ಇರುವವರಿಗೆ ಗೊತ್ತಾಗೇ ಆಗುತ್ತದೆ ಅಂತ. ಇದು ನಿಜವಾ? ಕೈಯಲ್ಲಿ 25,000 ರೂಪಾಯಿ ಇದೆ. ಹೊಸ ಪ್ಲೇಯರ್ ತಗೊಳ್ಳಲಾ, ಇದನ್ನೇ ರಿಪೇರಿ ಮಾಡಿಸಲಾ, ಇಲ್ಲಾ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಸುಮ್ನೆ ಇದ್ದುಬಿಡಲಾ?

ಬಂಗಾರಪೇಟೆ ಆಂಪ್ಲಿ:

ನಿಮ್ಮ ಜೊತೆಯವರು ಹೇಳಿದ್ದು ಸರಿಯಲ್ಲ. ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಇದೇ ಮಾತು ನಂಬಿ ತುಂಬ ದುಡ್ಡು ಸುರಿದವರನ್ನು ನೋಡಿದ್ದೇನೆ.

ಸಿಡಿಯಲ್ಲಿ ಸ್ವರದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಎರಡು ಅಳತೆಗಳ ನಡುವೆ ಇದ್ದದ್ದು ಹೋಯಿತು ಅಂತ ಅನ್ನಿಸುವುದು ಸಹಜ. ಆದರೆ ಹೋಗುವುದಿಲ್ಲ. ಒಂದು ಅಲೆಯಲ್ಲಿ ಇರುವ ಅತಿ ವೇಗದ ಕಂಪನ ಸೆಕೆಂಡಿಗೆ ಎಷ್ಟು ಸಲವೋ ಅದರ ಎರಡರಷ್ಟಕ್ಕಿಂತ ಜಾಸ್ತಿ ಸಲ ಅಳೆದರೆ, ಆ ಅಳತೆಗಳಿಂದ ಅದೇ ಅಲೆಯನ್ನು ಮತ್ತೆ ಪೂರ್ತಿ ಕಟ್ಟಬಹುದು. ಇದರ ಗಣಿತವನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲೇ ಬರೆದಿಟ್ಟಿದ್ದಾರೆ. ಮನುಷ್ಯರ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅದೂ ಚಿಕ್ಕ ವಯಸ್ಸಿನಲ್ಲಿ. ಹಾಗಾಗಿ 44,100 ಸಾಕು. ಪ್ಲೇಯರಿನಿಂದ ಆಚೆ ಬರುವುದು ಮೆಟ್ಟಿಲು ಮೆಟ್ಟಿಲಾದ ಅಲೆ ಅಲ್ಲ, ನಯವಾದ ಅಲೆ. ಅಲೆಯನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಯಾರು ಬೇಕಾದರೂ ನೋಡಿಕೊಳ್ಳಬಹುದು.

ಇನ್ನು ಪ್ಲೇಟಿನ ಕಡೆ ಬನ್ನಿ. ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿಗೂ ನಡುವಿನ ಅಂತರ ಸಿಡಿಯಲ್ಲಿ 96 ಡೆಸಿಬೆಲ್ (ಸದ್ದಿನ ಜೋರಿನ ಅಳತೆ). ಒಳ್ಳೆ ಎಲ್‌ಪಿಯಲ್ಲಿ 60ರಿಂದ 70. ಉಳಿದದ್ದು ಪ್ಲೇಟಿನ ಸ್ವಂತ ಸರಸರ ಸದ್ದಿನಲ್ಲಿ ಮುಳುಗುತ್ತದೆ. ಬಾಸ್ ಇದ್ದ ಹಾಗೇ ಕೊರೆದರೆ ಗೆರೆ ತುಂಬಾ ಅಗಲ ಆಗಿ ಪಕ್ಕದ ಗೆರೆಗೆ ನುಗ್ಗುತ್ತದೆ. ಅದಕ್ಕೇ ಕೊರೆಯುವಾಗ ಬಾಸ್ ಇಳಿಸಿ, ಟ್ರೆಬಲ್ ಏರಿಸುತ್ತಾರೆ. ಹಾಕುವಾಗ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿ ಮಾಡಬೇಕು. ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಅನ್ನುವುದನ್ನು ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ 1954ರಲ್ಲಿ ಗೊತ್ತು ಮಾಡಿತು. ಅಂದರೆ 'ಇಡೀ ಅಲೆ ಹಾಗೇ' ಪ್ಲೇಟಿನ ಮೇಲೆ ಯಾವತ್ತೂ ಇರಲಿಲ್ಲ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಎಲ್‌ಪಿ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 20ರ ಆಸುಪಾಸು. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊರೆದಿರುತ್ತಾರೆ. ಬದಿಯ ಕೊನೆ ಹಾಡಿನಲ್ಲಿ ಸ, ಶ ಅಕ್ಷರಗಳು ಉಸ್ಸ್ ಅಂತ ಹರಿದ ಹಾಗೆ ಕೇಳುವುದು ಇದಕ್ಕೇ.

ಹಾಗಾದರೆ ನಿಮಗೆ ಪ್ಲೇಟ್ ಯಾಕೆ ಚೆನ್ನಾಗಿ ಕೇಳಿಸಿತು? ನೀವು ಹೋಲಿಸಿದ್ದು ಯಾರೋ ಎಲ್ಲಿಂದಲೋ ತೆಗೆದು ಯೂಟ್ಯೂಬಿಗೆ ಹಾಕಿದ ಫೈಲಿನ ಜೊತೆ. ಅಲ್ಲಿ ಫೈಲ್ ಚಿಕ್ಕದಾಗಲಿ ಅಂತ ಒಂದು ಸಲ ಕುಗ್ಗಿಸಿದ್ದಾರೆ, ಬ್ಲೂಟೂತಿನಲ್ಲಿ ಇನ್ನೊಂದು ಸಲ ಕುಗ್ಗುತ್ತದೆ, ಆಮೇಲೆ ಅಂಗೈ ಅಗಲದ ಸ್ಪೀಕರ್. ಎರಡೂ ಒಂದೇ ಜೋರಿನಲ್ಲಿ ಇದ್ದವಾ ಅಂತಲೂ ನೋಡಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ, ಜೋರಾಗಿದೆ ಅನ್ನುವುದಿಲ್ಲ. ಪ್ಲೇಟನ್ನೇ ಸರಿಯಾಗಿ ಕಂಪ್ಯೂಟರಿಗೆ ಇಳಿಸಿ, ಅದೇ ಸ್ಪೀಕರಿನಲ್ಲಿ, ಅದೇ ಜೋರಿನಲ್ಲಿ, ಯಾವುದು ಓಡುತ್ತಿದೆ ಅಂತ ನೋಡದೆ ಕೇಳಿ. ಆ ಹತ್ತಿರದ ದನಿ ಫೈಲಿನಲ್ಲೂ ಬರುತ್ತದೆ. ಚಟಪಟ ಸಮೇತ ಬರುತ್ತದೆ.

ಚಿಂತಾಮಣಿ ಹಳೆ ಪ್ಲೇಟ್:

ಬಂಗಾರಪೇಟೆ ಅಣ್ಣ ಬರೆದ ಅಂಕಿಗಳಲ್ಲಿ ನನಗೆ ತಕರಾರಿಲ್ಲ. ಆದರೆ ಆ ಹುಡುಗನ ಕಿವಿಗೆ ಬಿದ್ದದ್ದು ಸುಳ್ಳಲ್ಲ. ಅದನ್ನು ಅಷ್ಟು ಬೇಗ ಬದಿಗೆ ತಳ್ಳಬೇಡಿ.

ನಾನು ಪ್ಲೇಟ್ ಕೂಡಿಡುತ್ತಾ ಬಂದವನು. ಹಳೆ ಕನ್ನಡ ಹಾಡುಗಳು ಪ್ಲೇಟಿನಿಂದ ಕ್ಯಾಸೆಟ್, ಕ್ಯಾಸೆಟ್ಟಿನಿಂದ ಸಿಡಿ, ಸಿಡಿಯಿಂದ ಎಂಪಿ3 ಆಗುತ್ತಾ ಬಂದಿವೆ. ಪ್ರತಿ ಸಲ ಯಾರೋ ಒಬ್ಬರು ಕೈಯಾಡಿಸಿದ್ದಾರೆ. ಕೆಲವಕ್ಕೆ ಕೇಳಲು ಜೋರಿರಲಿ ಅಂತ ಮೆಲ್ಲಗಿನ ಜಾಗವನ್ನೆಲ್ಲ ಎತ್ತಿ, ಜೋರಿನ ಜಾಗವನ್ನು ಒತ್ತಿ ಒಂದೇ ಮಟ್ಟ ಮಾಡಿದ್ದಾರೆ. ಕೆಲವಕ್ಕೆ ಎಕೋ ಸೇರಿಸಿದ್ದಾರೆ. ಜಂಕಾರ್ ಅಂತ ಹೇಳಿ ಹಾಡಿನ ಮೇಲೆ ಹೊಸ ಡ್ರಮ್ ಬಡಿದದ್ದೂ ಇದೆ. ಎಲ್ಲಕ್ಕಿಂತ ಕೆಟ್ಟದ್ದು ಸದ್ದು ತೆಗೆಯುವ ಸಾಫ್ಟ್‌ವೇರ್ ಅನ್ನು ಅತಿಯಾಗಿ ಓಡಿಸಿದ್ದು. ಸರಸರ ಹೋಗುತ್ತದೆ, ಅದರ ಜೊತೆ ತಂಬೂರಿಯ ಝೇಂಕಾರ ಹೋಗುತ್ತದೆ, ಪಿಟೀಲು ನೀರೊಳಗೆ ನುಡಿಸಿದ ಹಾಗೆ ಆಗುತ್ತದೆ. ಅವತ್ತು ಸ್ಟುಡಿಯೋದಲ್ಲಿ ನಿಂತು ಹಾಡಿದವರ ದನಿ ಎಷ್ಟೋ ಹಾಡುಗಳಲ್ಲಿ ಇವತ್ತು ಪ್ಲೇಟಿನ ಮೇಲೆ ಮಾತ್ರ ಉಳಿದಿದೆ. ಡಿಜಿಟಲ್‌ಗೆ ಅದನ್ನು ಹಿಡಿದಿಡುವ ಶಕ್ತಿ ಇಲ್ಲ ಅಂತ ಅಲ್ಲ. ಹಿಡಿದಿಟ್ಟವರು ಕಡಿಮೆ.

ಹಾಗಾಗಿ ಪ್ಲೇಟ್ ಮೇಲಾ ಡಿಜಿಟಲ್ ಮೇಲಾ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಹಾಡು, ಯಾರು ಇಳಿಸಿದ್ದು? ಈಗ ಅಂಗಡಿಗೆ ಬರುವ ಹೊಸ ಎಲ್‌ಪಿ ತಗೊಳ್ಳಿ. ಬಹುಪಾಲು ಡಿಜಿಟಲ್ ಫೈಲಿನಿಂದಲೇ ಕೊರೆದದ್ದು. ಅಮೆರಿಕದ ಮೊಬೈಲ್ ಫಿಡೆಲಿಟಿ ಅನ್ನುವ ಕಂಪನಿ, ಪ್ಲೇಟ್ ಪ್ರೇಮಿಗಳು ಕಣ್ಣಿಗೊತ್ತಿಕೊಳ್ಳುತ್ತಿದ್ದ ಕಂಪನಿ, ತನ್ನ ಎಷ್ಟೋ ಎಲ್‌ಪಿಗಳನ್ನು ಡಿಜಿಟಲ್ ಪ್ರತಿಯಿಂದ ಮಾಡುತ್ತಿತ್ತು ಅಂತ 2022ರಲ್ಲಿ ಹೊರಗೆ ಬಂತು. ಕೇಳಿದ ಬಹುಪಾಲು ಜನರಿಗೆ ಅಲ್ಲಿಯತನಕ ಸಂಶಯ ಬಂದಿರಲಿಲ್ಲ. ಅದೇ ನಿಮ್ಮ ದೊಡ್ಡಪ್ಪನ ಹಳೆ ಸಿನಿಮಾ 45ಗಳ ಮಾತೇ ಬೇರೆ, ಅವು ಟೇಪಿನಿಂದ ನೇರ ಕೊರೆದವು.

ಈಗ 78ರ ಮಾತು. ತುಮಕೂರಿನವರು, ಅದರಲ್ಲೂ ನಾಟಕದ ಹಾಡು ಅಂತ ಬರೆದಿದ್ದೀರಿ, ಅದಕ್ಕೇ ನನ್ನ ಗಮನ ಅಲ್ಲಿ ನಿಂತಿದೆ. ಗುಬ್ಬಿ ಕಂಪನಿ 1884ರಲ್ಲಿ ಶುರುವಾಗಿದ್ದು ನಿಮ್ಮ ಜಿಲ್ಲೆಯಲ್ಲಿ. ಆ ಕಾಲದ ಕಂಪನಿ ನಾಟಕದ ನಟರು ಮೈಕ್ ಇಲ್ಲದೆ ಕೊನೆ ಸಾಲಿಗೆ ಮುಟ್ಟುವ ಹಾಗೆ ಹಾಡುತ್ತಿದ್ದರು. ಆ ಥರದ ಕಂಠ ಈಗ ಕೇಳಲು ಎಲ್ಲಿ ಸಿಗುತ್ತದೆ ಹೇಳಿ? ನಿಮ್ಮ ಟ್ರಂಕಿನಲ್ಲಿ ಇರುವುದು ಯಾವ ಕಂಪನಿಯದು ಅಂತ ನೋಡದೆ ಹೇಳಲಾಗುವುದಿಲ್ಲ. ಆದರೆ ಒಂದೊಂದನ್ನೂ ಹುಷಾರಾಗಿ ನೋಡಿ. 10 ಇಂಚಿನ 78ರಲ್ಲಿ ಒಂದು ಬದಿಗೆ ಸುಮಾರು 3 ನಿಮಿಷ ಮಾತ್ರ ಸಿಗುತ್ತಿತ್ತು. ಆಲಾಪನೆ, ಪಲ್ಲವಿ, ಚರಣ ಎಲ್ಲ ಅಷ್ಟರಲ್ಲೇ. ಒಂದು ರಾಗದ ಮುಖವನ್ನು ಅರ್ಧ ನಿಮಿಷದಲ್ಲಿ ತೋರಿಸಿ ಮುಗಿಸುವುದನ್ನು ಆ ಪ್ಲೇಟ್‌ಗಳಲ್ಲೇ ಕೇಳಬೇಕು. ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತದಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಪ್ಲೇಟಿಗೆ ಹಾಡಿದಾಗ ಮೈಕೇ ಇರಲಿಲ್ಲ, ಕಹಳೆಯೊಳಗೆ ಮುಖ ಇಟ್ಟು ಹಾಡಬೇಕಿತ್ತು. ಕೊನೆಯ ದಿನಗಳನ್ನು ಅವರು ಕಳೆದದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಮೈಕಿನಿಂದ ಧ್ವನಿಮುದ್ರಣ ಶುರುವಾದದ್ದು 1925ರ ನಂತರ. ಕಹಳೆ ಕಾಲದ ಪ್ಲೇಟಿಗೂ ಮೈಕ್ ಕಾಲದ ಪ್ಲೇಟಿಗೂ ಇರುವ ವ್ಯತ್ಯಾಸದ ಮುಂದೆ ಸಿಡಿ, ಎಲ್‌ಪಿ ವ್ಯತ್ಯಾಸ ಏನೂ ಅಲ್ಲ.

ಬಂಗಾರಪೇಟೆ ಆಂಪ್ಲಿ:

ಅಣ್ಣ, ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಚೆನ್ನಾಗಿ ಇಳಿಸಿದ ಫೈಲ್ ಇರಬೇಕು, ಅಷ್ಟೇ ನನ್ನ ವಾದ.

ಕೋಲಾರದ ವೀಣೆ ಟೀಚರ್:

ಮಕ್ಕಳಿಗೆ ವೀಣೆ ಹೇಳಿಕೊಡುತ್ತೇನೆ. ಇಲ್ಲಿ ಯಾರೂ ಎತ್ತದ ಒಂದು ವಿಷಯ ಇದೆ, ಶ್ರುತಿ.

ಗುಬ್ಬಿಗೇಟ್ ತಮ್ಮ, ಹಾಡು ಅಲ್ಲಾಡುತ್ತದೆ ಅಂತ ಬರೆದಿದ್ದೀರಲ್ಲ, ಅದು ನನಗೆ ಚಟಪಟ ಸದ್ದಿಗಿಂತ ದೊಡ್ಡ ತೊಂದರೆ. ಪ್ಲೇಯರಿನ ವೇಗ ನೂರಕ್ಕೆ 6ರಷ್ಟು ಜಾಸ್ತಿಯಾದರೆ ಶ್ರುತಿ ಒಂದು ಇಡೀ ಸ್ವರಸ್ಥಾನ ಮೇಲೆ ಹೋಗುತ್ತದೆ. ನೂರಕ್ಕೆ ಒಂದರಷ್ಟು ಆಚೀಚೆ ಆದರೂ ಜೊತೆಗೆ ತಂಬೂರಿ ಹಾಕಿಕೊಂಡು ಕೂತವರಿಗೆ ತಿಳಿಯುತ್ತದೆ. ಪ್ಲೇಟಿನ ತೂತು ನಟ್ಟನಡುವೆ ಇಲ್ಲದಿದ್ದರೆ ಒಂದೊಂದು ಸುತ್ತಿಗೂ ಸ್ವರ ಮೇಲೆ ಕೆಳಗೆ ಹೋಗಿ ಬರುತ್ತದೆ. ಉದ್ದವಾಗಿ ಹಿಡಿದ ಷಡ್ಜದಲ್ಲಿ ಅದು ಇಲ್ಲದ ಗಮಕದ ಹಾಗೆ ಕೇಳುತ್ತದೆ. ನನ್ನ ಒಬ್ಬ ಶಿಷ್ಯೆ ಹಳೆ ರೆಕಾರ್ಡಿಂಗ್ ಕೇಳಿ ಹಾಗೇ ನುಡಿಸಲು ಶುರು ಮಾಡಿದ್ದಳು. ಅದು ವಿದ್ವಾಂಸರ ಕೈಯಲ್ಲಿ ಇದ್ದದ್ದಲ್ಲ, ಪ್ಲೇಟಿನ ತೂತಿನಲ್ಲಿ ಇದ್ದದ್ದು ಅಂತ ತೋರಿಸಬೇಕಾಯಿತು.

ಹಳೆ 78ಗಳು ಎಲ್ಲವೂ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲೇ ಮುದ್ರಣ ಆಗಿರುವುದಿಲ್ಲ. ಮೊದಮೊದಲಿನವು ಹೆಚ್ಚು ಕಡಿಮೆ ಇವೆ. ಇಂಟರ್ನೆಟ್ಟಿನಲ್ಲಿ ಸಿಗುವ ಎಷ್ಟೋ ಹಳೆ ಕಂಠಗಳು ಹೆಣ್ಣು ಮಗುವಿನ ಹಾಗೆ ಕೀಚಲಾಗಿ ಕೇಳುವುದಕ್ಕೆ ಇದೂ ಒಂದು ಕಾರಣ. ಇಳಿಸುವವರು ವೇಗ ನೋಡಿರುವುದಿಲ್ಲ. ಪ್ಲೇಟಿನಲ್ಲಿ ಹಾರ್ಮೋನಿಯಂ ಇದ್ದರೆ ಅದರ ಸ್ವರ ಹಿಡಿದು ಅಂದಾಜು ಮಾಡಬಹುದು, ನಾಟಕದ ಹಾಡುಗಳಲ್ಲಿ ಹಾರ್ಮೋನಿಯಂ ಇದ್ದೇ ಇರುತ್ತದೆ ಅಲ್ವಾ.

ಪಾಠಕ್ಕೆ ನಾನು ಬಳಸುವುದು ಡಿಜಿಟಲ್. ವೇಗ ಅಲ್ಲಾಡುವುದಿಲ್ಲ. ಹಾಡಿನ ಒಂದು ಸಂಗತಿಯನ್ನು ಎಷ್ಟು ಸಲ ಬೇಕಾದರೂ ಹಾಕಬಹುದು, ಪ್ಲೇಟ್ ಸವೆಯುತ್ತದೆ ಅನ್ನುವ ಭಯ ಇಲ್ಲ. ಮೂರು ಗಂಟೆಯ ಕಛೇರಿ ಪೂರ್ತಿ ಕೇಳಬಹುದು. ಎಲ್‌ಪಿಯಲ್ಲಿ ಒಂದು ಬದಿಗೆ 20 ನಿಮಿಷ ಚಿಲ್ಲರೆ ಅಷ್ಟೇ, ರಾಗ ತಾನ ಪಲ್ಲವಿಯನ್ನು ಅದಕ್ಕೆ ಕತ್ತರಿಸಿ ಕೂರಿಸಬೇಕಿತ್ತು. ಆದರೆ ಒಂದು ಮಾತು. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಯಲ್ಲಿ ವೀಣೆ ಕೇಳಬೇಡಿ. ಮೀಟಿದ ಮರುಕ್ಷಣ ತಂತಿಯಲ್ಲಿ ಉಳಿಯುವ ನಾದ ನಿಧಾನವಾಗಿ ಇಳಿಯಬೇಕು. ಎಂಪಿ3 ಜೋರು ಸದ್ದಿನ ಮರೆಯಲ್ಲಿ ಇರುವ ಮೆಲ್ಲಗಿನ ಸದ್ದನ್ನು ಕಿವಿಗೆ ಕೇಳುವುದಿಲ್ಲ ಅಂತ ತೆಗೆದುಹಾಕುತ್ತದೆ. ಅಷ್ಟು ಕಡಿಮೆ ದರದಲ್ಲಿ ಕುಗ್ಗಿಸಿದಾಗ ತೆಗೆದದ್ದು ಕೇಳಿಯೇ ಕೇಳುತ್ತದೆ, ಕೊನೆಗೆ ಸುಯ್ಯ್ ಅಂತ ಒಂದು ಬಗೆಯ ಕಲಸು ನಾದ ಉಳಿಯುತ್ತದೆ. ಫ್ಲಾಕ್ ಫೈಲಿನಲ್ಲಿ ಏನನ್ನೂ ಎಸೆಯುವುದಿಲ್ಲ. ನಿಮ್ಮ ಎಲ್‌ಪಿಗಳನ್ನು ಇಳಿಸುವುದಾದರೆ ಅದರಲ್ಲೇ ಇಡಿ.

ಗುಬ್ಬಿಗೇಟ್ ಹುಡುಗ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಟೀಚರ್ ಅಕ್ಕ, ಹಾರ್ಮೋನಿಯಂ ಇದೆ, ಕೇಳಿಸುತ್ತದೆ. ಹಾಗಾದರೆ ಇಳಿಸುವುದು ಅಂತ ಗಟ್ಟಿ ಆಯಿತು. ಹಳೆ ಪ್ಲೇಯರಿನಲ್ಲೇ ಇಳಿಸಬಹುದಾ? ಇಂಟರ್ನೆಟ್ಟಿನಲ್ಲಿ ಯುಎಸ್‌ಬಿ ಇರುವ ಹೊಸ ಸೂಟ್‌ಕೇಸ್ ಪ್ಲೇಯರ್ ಕಡಿಮೆ ಬೆಲೆಗೆ ಇದೆ. ಮತ್ತೆ ಪ್ಲೇಟ್ ತುಂಬ ಧೂಳು ಹಿಡಿದಿದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಹಾಕಿ ಒರೆಸಲಾ?

ಬಟವಾಡಿ ರೇಡಿಯೋ ರಿಪೇರಿ:

ಸ್ಪಿರಿಟ್ ಹಾಕಲೇಬೇಡಿ! 78ರ ಪ್ಲೇಟ್ ಅರಗಿನಲ್ಲಿ ಮಾಡಿದ್ದು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಒಂದು ಸಲ ಒರೆಸಿದರೆ ಗೆರೆಯೇ ಹೋಯಿತು, ಆಮೇಲೆ ಯಾರಿಂದಲೂ ವಾಪಸ್ ತರಲಾಗುವುದಿಲ್ಲ. ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕುವುದು, ಅದರಲ್ಲಿ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಗೆರೆ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಬರೀ ನೀರಲ್ಲಿ ಮತ್ತೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ. ಲೇಬಲ್ ನೆನೆಯಬಾರದು. 45, ಎಲ್‌ಪಿ ಪ್ಲಾಸ್ಟಿಕ್‌ನವು, ಅವಕ್ಕೂ ಇದೇ ಸಾಕು. ತೊಳೆದ ಮೇಲೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಶೀಟಿನ ಮನೆ, ತಾರಸಿ ರೂಮು, ಕಾರಿನ ಹಿಂದಿನ ಸೀಟು ಬೇಡ. ಏಪ್ರಿಲ್ ಬಿಸಿಲಿಗೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಪ್ಲೇಯರ್ ಬಗ್ಗೆ. ಅಲ್ಲಾಡುವುದು ಬಹುಶಃ ಒಳಗಿನ ರಬ್ಬರ್ ಚಕ್ರ ಗಟ್ಟಿಯಾಗಿರುವುದರಿಂದ, ಇಲ್ಲಾ ಬೆಲ್ಟ್ ಸಡಿಲ ಆಗಿರುವುದರಿಂದ. ಮೋಟಾರಿನ ಎಣ್ಣೆ ಒಣಗಿ ಅಂಟಾಗಿದ್ದರೂ ಹೀಗೇ ಆಗುತ್ತದೆ. ಇದು ದೊಡ್ಡ ಕೆಲಸ ಅಲ್ಲ, ತುಮಕೂರಿನಲ್ಲೇ ಆಗುತ್ತದೆ. ಹಳೆ ಪ್ಲೇಯರಿನಲ್ಲಿ ಮುಳ್ಳಿನ ಹತ್ತಿರ ಪುಟ್ಟ ಕಡ್ಡಿ ಇದೆಯಾ ನೋಡಿ. ಅದನ್ನು ತಿರುಗಿಸಿದರೆ ಒಂದು ಕಡೆ ಎಲ್‌ಪಿ ಮುಳ್ಳು, ಇನ್ನೊಂದು ಕಡೆ 78ರ ಮುಳ್ಳು ಬರುತ್ತದೆ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರದ್ದು 75ರ ಹತ್ತಿರ. 78ರ ಗೆರೆಯಲ್ಲಿ ಎಲ್‌ಪಿ ಮುಳ್ಳು ಇಟ್ಟರೆ ತಳದ ಕಸದಲ್ಲಿ ಓಡಾಡುತ್ತದೆ, ಬರೀ ಗಲಾಟೆ ಕೇಳುತ್ತದೆ. ಎಲ್‌ಪಿಯಲ್ಲಿ 78ರ ಮುಳ್ಳು ಇಟ್ಟರೆ ಪ್ಲೇಟ್ ಹಾಳು. ಎರಡೂ ಹೊಸ ಮುಳ್ಳು ಹಾಕಿಸುವ ತನಕ ಯಾವ ಪ್ಲೇಟನ್ನೂ ಹಾಕಬೇಡಿ. ಸವೆದ ಮುಳ್ಳು ಪ್ಲೇಟನ್ನು ಕೆರೆದು ತಿನ್ನುತ್ತದೆ.

ಆ ಪ್ಲೇಯರಿನಲ್ಲಿ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳಿನ ಓಲಾಟವನ್ನು ಕರೆಂಟ್ ಸಿಗ್ನಲ್ ಮಾಡುವ ಭಾಗ) ಇರುತ್ತದೆ. ಅದರ ವೈರ್ ಕಿತ್ತು ಕಂಪ್ಯೂಟರಿನ ಲೈನ್ ಇನ್‌ಗೆ (ಸದ್ದು ಒಳಗೆ ಕೊಡುವ ತೂತು) ನೇರ ಕೊಟ್ಟರೆ ಬಾಸ್ ಪೂರ್ತಿ ಮಾಯ. ಒಳಗಿನ ಆಂಪ್ಲಿಫೈಯರ್ ದಾಟಿದ ಮೇಲೆ ಲೈನ್ ತೆಗೆಸಿ. ಕಡಿಮೆ ಬೆಲೆಯ ಸೂಟ್‌ಕೇಸ್ ಪ್ಲೇಯರ್ ಬಗ್ಗೆ ಕೇಳಿದ್ದೀರಿ, ನನ್ನ ಸಲಹೆ ಬೇಡ ಅಂತ. ಮುಳ್ಳು ಹಿಡಿದಿರುವ ಕೈ ಭಾರ, ಸೆರಾಮಿಕ್ ಕಾರ್ಟ್ರಿಜ್, ವೇಗವೂ ನೆಟ್ಟಗಿರುವುದಿಲ್ಲ, ಅಂದರೆ ನಿಮ್ಮ ಹತ್ತಿರ ಈಗಾಗಲೇ ಇರುವುದಕ್ಕಿಂತ ಒಳ್ಳೆಯದೇನಲ್ಲ. ಸ್ವಲ್ಪ ದುಡ್ಡು ಸೇರಿಸುವುದಾದರೆ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಇರುವುದು ತಗೊಳ್ಳಿ. ಆಡಿಯೋ ಟೆಕ್ನಿಕಾದಲ್ಲಿ ಎಲ್‌ಪಿ60ರಲ್ಲಿ 78ರ ವೇಗ ಇಲ್ಲ, ಎಲ್‌ಪಿ120ರಲ್ಲಿ ಇದೆ. ಕೊಳ್ಳುವ ಮುಂಚೆ ಇದನ್ನೇ ಮೊದಲು ಕೇಳಿ, ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಗುಂಯ್ ಅಂತ ಸದ್ದು ಬಂದರೆ ಮೊದಲು ಮನೆಯ ಅರ್ತಿಂಗ್ ನೋಡಿ. ವೇಗ ನೋಡಲು ಮೊಬೈಲಿಗೆ ಆ್ಯಪ್ ಇದೆ, ತಿರುಗುವ ತಟ್ಟೆಯ ಮೇಲೆ ಫೋನ್ ಇಟ್ಟರೆ ಸುತ್ತು ಎಣಿಸಿ ತೋರಿಸುತ್ತದೆ.

ಬಂಗಾರಪೇಟೆ ಆಂಪ್ಲಿ:

ರೆಕಾರ್ಡ್ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಿಲ್ಲ. 24 ಬಿಟ್, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಇಡಿ. ಅಷ್ಟು ಕಿವಿಗೆ ಬೇಕಾಗಿಲ್ಲ, ಆದರೆ ಆಮೇಲೆ ಚಟಪಟ ತೆಗೆಯುವಾಗ, ಶ್ರುತಿ ಸರಿ ಮಾಡುವಾಗ ಕೈಯಾಡಿಸಲು ಜಾಗ ಬೇಕು. ನಿಮಿಷಕ್ಕೆ ಸುಮಾರು 35 ಎಂಬಿ ಆಗುತ್ತದೆ, ಫ್ಲಾಕ್ ಮಾಡಿದರೆ ಇನ್ನೂ ಕಡಿಮೆ. ಮೊದಲು ಇಳಿಸಿದ್ದನ್ನು ಏನೂ ಮುಟ್ಟದೆ ಒಂದು ಕಡೆ ಇಟ್ಟುಬಿಡಿ. ಕ್ಲೀನ್ ಮಾಡುವುದು ಅದರ ಪ್ರತಿಯಲ್ಲಿ. ಹತ್ತು ವರ್ಷ ಬಿಟ್ಟು ಇದಕ್ಕಿಂತ ಒಳ್ಳೆ ಸಾಫ್ಟ್‌ವೇರ್ ಬಂದಾಗ ಬೇಕಾಗುವುದು ಆ ಮುಟ್ಟದ ಫೈಲ್.

78ಕ್ಕೆ ಒಂದು ಉಪಾಯ, ಸ್ಟೀರಿಯೋ ಕಾರ್ಟ್ರಿಜ್ ಹಾಕಿದರೆ ಮಾತ್ರ. 78ರ ಪ್ಲೇಟ್‌ಗಳಲ್ಲಿ ಹಾಡು ಇರುವುದು ಮುಳ್ಳಿನ ಅಡ್ಡ ಓಲಾಟದಲ್ಲಿ. ಮೇಲೆ ಕೆಳಗೆ ಕುಣಿಯುವುದೆಲ್ಲ ಬರೀ ಸದ್ದು. ಎರಡು ಚಾನೆಲ್ಲನ್ನೂ ಕೂಡಿಸಿ ಮೋನೋ ಮಾಡಿದರೆ ಆ ಸದ್ದು ತಾನೇ ವಜಾ ಆಗುತ್ತದೆ. ಯಾವ ಫಿಲ್ಟರೂ ಹಾಕದೆ ದನಿ ಎಷ್ಟು ತಿಳಿಯಾಗುತ್ತದೆ ಅಂತ ನೋಡಿ.

ಚಿಂತಾಮಣಿ ಹಳೆ ಪ್ಲೇಟ್:

ಲೇಬಲ್ ಅಳಿಸಿದೆ ಅಂದಿರಲ್ಲ. ಗೆರೆ ಮುಗಿದ ಮೇಲೆ ಲೇಬಲ್ಲಿನ ಸುತ್ತ ಖಾಲಿ ಜಾಗ ಇರುತ್ತದೆ. ಟಾರ್ಚ್ ಅಡ್ಡ ಹಿಡಿದು ನೋಡಿ, ಅಲ್ಲಿ ಅಂಕಿ, ಅಕ್ಷರ ಕೊರೆದಿರುತ್ತಾರೆ. ಎರಡೂ ಬದಿಯದು ಬರೆದು ಇಲ್ಲಿ ಹಾಕಿ, ನನ್ನ ಹತ್ತಿರ ಇರುವ ಪ್ಲೇಟ್‌ಗಳ ಜೊತೆ ತಾಳೆ ನೋಡುತ್ತೇನೆ. ಆಮೇಲೆ ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನವರು ಹಳೆ 78ಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಲು ಇಟ್ಟಿದ್ದಾರೆ. ಅವರ ಹತ್ತಿರ ಇಲ್ಲದ ನಾಟಕದ ಹಾಡು ನಿಮ್ಮ ಟ್ರಂಕಿನಲ್ಲಿ ಸಿಕ್ಕರೆ ದಯವಿಟ್ಟು ಅವರಿಗೆ ತಿಳಿಸಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷದ ತನಕ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಇಂಟರ್ನೆಟ್ಟಿಗೆ ಹಾಕುವ ಮುಂಚೆ ಎರಡನ್ನೂ ನೋಡಿಕೊಳ್ಳಿ.

ಗುಬ್ಬಿಗೇಟ್ ಹುಡುಗ:

ಟಾರ್ಚ್ ಹಿಡಿದರೆ ಅಂಕಿಗಳು ಕಾಣುತ್ತಿವೆ, ಅಣ್ಣ. ಭಾನುವಾರ ಕೂತು ಎಲ್ಲ ಬರೆದು ಹಾಕುತ್ತೇನೆ. ಬಟವಾಡಿ ಅಣ್ಣ, ಪ್ಲೇಯರ್ ನಿಮ್ಮ ಹತ್ತಿರವೇ ತರಲಾ? ಮುಳ್ಳಿನ ಹತ್ತಿರ ಆ ಕಡ್ಡಿ ಇದೆ, ಒಂದು ಕಡೆ 78 ಅಂತ ಬರೆದಿದೆ.

ಬಟವಾಡಿ ರೇಡಿಯೋ ರಿಪೇರಿ:

ತನ್ನಿ. ತರುವಾಗ ಪ್ಲೇಯರಿನ ಮುಳ್ಳಿನ ಕೈಯನ್ನು ದಾರದಿಂದ ಕಟ್ಟಿ, ಇಲ್ಲದಿದ್ದರೆ ಬಸ್ಸಿನ ಕುಲುಕಾಟಕ್ಕೆ ಮುಳ್ಳು ಮುರಿಯುತ್ತದೆ. ಪ್ಲೇಟ್ ಒಂದನ್ನೂ ತರಬೇಡಿ, ನೋಡಲು ನನ್ನ ಹತ್ತಿರ ಇದೆ.